ಚೀಲದ ಮೇಲೆ ನಮ್ಮೂರ ಹೆಸರು ಯಾಕಿಲ್ಲ?

ಹಿಟ್ನಾಳ ಅಂದರೆ ಹೊರಗಿನವರಿಗೆ ಗೊತ್ತಿರುವುದು ಎರಡೇ. ಒಂದು, ಹೆದ್ದಾರಿಯ ಟೋಲ್‌ಗೇಟ್. ಇನ್ನೊಂದು, ಚುನಾವಣೆ ಬಂದಾಗ ಟಿವಿಯಲ್ಲಿ ಕೇಳುವ ಅಡ್ಡಹೆಸರು. ಟೋಲ್ ಕಟ್ಟಿ ಮುಂದೆ ಹೋಗುವ ಲಾರಿಗಳಲ್ಲಿ ನಮ್ಮ ಭಾಗದ ಅಕ್ಕಿಯೂ ಇರುತ್ತದೆ. ಆದರೆ ಆ ಚೀಲಗಳ ಮೇಲೆ ದೇವರ ಚಿತ್ರ ಇರುತ್ತದೆ, ಆನೆ, ನವಿಲು ಇರುತ್ತವೆ, ಮಿಲ್ಲಿನ ಹೆಸರು ಇರುತ್ತದೆ. ಬೆಳೆದ ಊರಿನ ಹೆಸರು ಮಾತ್ರ ಇರುವುದಿಲ್ಲ. ಇದರಲ್ಲೇನು ವಿಶೇಷ, ಅಕ್ಕಿ ಅಂದಮೇಲೆ ಅಕ್ಕಿ ಅಂತ ನೀವು ಕೇಳಬಹುದು. ಅದನ್ನೇ ಇವತ್ತು ಮಾತಾಡೋಣ ಅಂತ ಕೂತಿದ್ದೇವೆ.

ಮೊದಲು ನಮ್ಮ ನೆಲ ನೋಡೋಣ. ಹೆದ್ದಾರಿ ಬಿಟ್ಟು ಹೊಳೆ ಕಡೆ ಇಳಿದರೆ ಹುಲಗಿ, ಮುನಿರಾಬಾದ್, ಶಿವಪುರ, ಅಗಳಕೇರಿ ಸಿಗುತ್ತವೆ. ಸುತ್ತ ಬಂಡೆಗುಡ್ಡ. ಈ ಗ್ರಾನೈಟ್‌ಗೆ ಸುಮಾರು 250 ಕೋಟಿ ವರ್ಷ ವಯಸ್ಸು ಅಂತ ಭೂವಿಜ್ಞಾನಿಗಳು ಹೇಳುತ್ತಾರೆ. ಗುಡ್ಡದ ಬುಡದಲ್ಲಿ ಮಸಾರಿ ಹೊಲ, ಬಯಲಿಗೆ ಬಂದರೆ ಎರಿ, ಹೊಳೆದಂಡೆಗೆ ಗದ್ದೆ ಮತ್ತು ಬಾಳೆತೋಟ. ಒಂದೇ ಊರಿನ ಎಲ್ಲೆಯೊಳಗೆ ಮಣ್ಣು ಹೀಗೆ ಬದಲಾಗುತ್ತ ಹೋಗುತ್ತದೆ. ಯಾವ ಹೊಲದ ಜೋಳದ ರೊಟ್ಟಿ ಮೆತ್ತಗಾಗುತ್ತದೆ ಅಂತ ನಮ್ಮ ಅಜ್ಜಿಯರಿಗೆ ಗೊತ್ತಿತ್ತು.

ಈ ಗದ್ದೆಗಳಿಗೆ ನೀರು ಎಲ್ಲಿಂದ ಬರುತ್ತದೆ ಅಂತ ಕೇಳಿದರೆ ಬಹಳ ಮಂದಿ ಡ್ಯಾಮ್ ಅನ್ನುತ್ತಾರೆ. ತುಂಗಭದ್ರಾ ಅಣೆಕಟ್ಟಿನ ಕೆಲಸ ಶುರುವಾದದ್ದು 1945ರಲ್ಲಿ, ಮುಗಿದದ್ದು 1953ರಲ್ಲಿ. ಆದರೆ ಹುಲಗಿ ಕಾಲುವೆ, ಶಿವಪುರ ಕಾಲುವೆ, ಆನೆಗೊಂದಿ ಕಾಲುವೆ, ಗಂಗಾವತಿಯ ಮೇಲ್ಗಾಲುವೆ, ಕೆಳಗಾಲುವೆ ಇವೆಲ್ಲ ಅದಕ್ಕಿಂತ ನೂರಾರು ವರ್ಷ ಹಳೆಯವು, ವಿಜಯನಗರದ ಅರಸರ ಕಾಲದವು. ಆಗಿನವರು ಹೊಳೆಯೊಳಗೆ ತಾನಾಗಿಯೇ ಇದ್ದ ಬಂಡೆಯಿಂದ ಬಂಡೆಗೆ ದೊಡ್ಡ ಕಲ್ಲು ಜೋಡಿಸಿ, ಅಂಕುಡೊಂಕಾಗಿ ಒಡ್ಡು ಹಾಕಿ ನೀರು ತಿರುಗಿಸಿಕೊಂಡರು. ಆ ನೀರು ಇವತ್ತಿಗೂ ಹರಿಯುತ್ತಿದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಪೇಟೆಯಲ್ಲಿ ದ್ರಾಕ್ಷಿ, ದಾಳಿಂಬೆ ಮಾರುವುದನ್ನೂ ನೋಡಿ ಬರೆದಿಟ್ಟಿದ್ದಾನೆ. ಅಂದರೆ ಹೊಳೆಯ ಎರಡೂ ದಂಡೆಯಲ್ಲಿ ನೀರಾವರಿ, ತೋಟಗಾರಿಕೆ 500 ವರ್ಷದಿಂದ ನಿಂತಿಲ್ಲ.

1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬಿದ್ದ ಗುಡಿ, ಒಡೆದ ಮಂಟಪ ನೋಡಲು ಜಗತ್ತೇ ಬರುತ್ತದೆ. ಅದೇ ಅರಸರು ತೋಡಿಸಿದ, ಇನ್ನೂ ಅನ್ನ ಕೊಡುತ್ತಿರುವ ಕಾಲುವೆಯ ದಡದಲ್ಲಿ ಮಾತ್ರ ನಾವು ಪ್ಲಾಸ್ಟಿಕ್ ಎಸೆಯುತ್ತೇವೆ. ಕೆಲಸ ಮಾಡುತ್ತಿರುವ ವಸ್ತು ಪರಂಪರೆ ಅಂತ ನಮಗೆ ಅನ್ನಿಸುವುದೇ ಇಲ್ಲ.

ಹೀಗೆ ಅನ್ನಿಸಿದ ಒಂದು ಊರಿನ ಕಥೆ ಹೇಳುತ್ತೇವೆ. ದೂರದ ಊರು. ಫ್ರಾನ್ಸ್ ದೇಶದ ದಕ್ಷಿಣಕ್ಕೆ, ರೋನ್ ಹೊಳೆಯ ಹತ್ತಿರ, ಶಾತೋನೆಫ್ ದು ಪಾಪ್ ಅಂತ ಇದೆ. ನಮ್ಮ ಮಾತಿನಲ್ಲಿ ‘ಪೋಪನ ಹೊಸಕೋಟೆ’. ಜನಸಂಖ್ಯೆ ಎರಡು ಸಾವಿರದ ಆಸುಪಾಸು, ಅಂದರೆ ನಮ್ಮಲ್ಲಿಯ ಒಂದು ಸಣ್ಣ ಹಳ್ಳಿ. 14ನೇ ಶತಮಾನದಲ್ಲಿ ಪೋಪರು ರೋಮ್ ಬಿಟ್ಟು ಹತ್ತಿರದ ಅವಿನ್ಯೋನ್‌ನಲ್ಲಿ ಇದ್ದಾಗ, ಇಪ್ಪತ್ತೆರಡನೇ ಜಾನ್ ಎಂಬ ಪೋಪ್ ಇಲ್ಲಿ ಬೇಸಿಗೆಗೆ ಇರಲು ಕೋಟೆ ಕಟ್ಟಿಸಿದ. ಈಗ ಅದರ ಒಂದು ಗೋಡೆಯಷ್ಟೇ ನಿಂತಿದೆ. ಧರ್ಮಯುದ್ಧಗಳಲ್ಲಿ ಒಂದಿಷ್ಟು ಹೋಯಿತು, 1944ರಲ್ಲಿ ಜರ್ಮನ್ ಸೈನಿಕರು ಉಳಿದದ್ದರಲ್ಲಿ ಅರ್ಧ ಸ್ಫೋಟಿಸಿದರು. ಹೊಲ ನೋಡಿದರೆ ನಮ್ಮ ರೈತರು ನಗುತ್ತಾರೆ. ಬರೀ ಕಲ್ಲು. ಹೊಳೆ ಉರುಳಿಸಿ ಬಿಟ್ಟುಹೋದ ದುಂಡು ಕಲ್ಲುಗಳ ನಡುವೆ ದ್ರಾಕ್ಷಿ ಬೆಳೆಯುತ್ತಾರೆ. ಹಗಲು ಕಾದ ಕಲ್ಲು ರಾತ್ರಿ ಬಳ್ಳಿಗೆ ಬಿಸಿ ಕೊಡುತ್ತದೆ, ಅದರಿಂದಲೇ ನಮ್ಮ ದ್ರಾಕ್ಷಿಗೆ ಈ ಗುಣ ಅಂತ ಅವರು ಹೇಳುತ್ತಾರೆ.

ನೂರು ವರ್ಷದ ಹಿಂದೆ ಆ ಊರಿಗೊಂದು ಕಷ್ಟ ಬಂತು. ಬೇರೆಲ್ಲಿಯದೋ ಅಗ್ಗದ ವೈನ್‌ಗೆ ಇವರ ಊರಿನ ಹೆಸರು ಹಾಕಿ ವ್ಯಾಪಾರಿಗಳು ಮಾರುತ್ತಿದ್ದರು. ಬೆಳೆಗಾರರು ಒಟ್ಟಾಗಿ, ವಕೀಲನೂ ಬೆಳೆಗಾರನೂ ಆಗಿದ್ದ ಬ್ಯಾರನ್ ಲ ರುವಾ ಎಂಬಾತನ ಬಳಿ ಹೋದರು. 1923ರಲ್ಲಿ ತಾವೇ ಕಟ್ಟಳೆ ಬರೆದುಕೊಂಡರು. ಎಲ್ಲೆ ಗುರುತಿಸಿದ ರೀತಿ ನಮಗೆ ಬಹಳ ಹಿಡಿಸಿತು: ಥೈಮ್ ಮತ್ತು ಲ್ಯಾವೆಂಡರ್ ಎಂಬ ಎರಡು ಕಾಡುಗಿಡ ಜೊತೆಗೆ ಬೆಳೆಯುವ ಬಡನೆಲ ಎಲ್ಲಿಯವರೆಗಿದೆಯೋ ಅಲ್ಲಿಯವರೆಗೆ ಮಾತ್ರ ನಮ್ಮ ಹೆಸರು. ಯಾವ ತಳಿ ಹಾಕಬೇಕು ಅನ್ನುವುದನ್ನೂ ಬರೆದರು. ಈಗಿನ ನಿಯಮದಲ್ಲಿ ಕೈಯಿಂದಲೇ ಕೊಯ್ಯಬೇಕು, ಒಂದು ಹೆಕ್ಟೇರಿಗೆ ಸಾಮಾನ್ಯವಾಗಿ 3,500 ಲೀಟರಿಗಿಂತ ಹೆಚ್ಚು ವೈನ್ ತೆಗೆಯುವಂತಿಲ್ಲ. ಹೆಚ್ಚು ತೆಗೆಯಬಹುದಾಗಿದ್ದರೂ ತಮ್ಮ ಕೈ ತಾವೇ ಕಟ್ಟಿಕೊಂಡವರು ಇವರು. 1935ರಲ್ಲಿ ಇದೇ ಮಾದರಿ ಇಡೀ ಫ್ರಾನ್ಸಿಗೆ ಕಾನೂನಾಯಿತು.

ಇನ್ನೊಂದು ಮಾತು ಹೇಳದೆ ಇರಲು ಆಗುತ್ತಿಲ್ಲ. 1954ರಲ್ಲಿ ಹಾರುವ ತಟ್ಟೆಗಳ ಸುದ್ದಿ ಎಲ್ಲ ಕಡೆ ಹಬ್ಬಿದ್ದಾಗ, ಈ ಊರಿನ ಮೇಯರ್ ‘ನಮ್ಮ ಊರಿನ ಎಲ್ಲೆಯೊಳಗೆ ಹಾರುವ ತಟ್ಟೆ ಇಳಿಯಬಾರದು, ಇಳಿದರೆ ಜಪ್ತಿ’ ಅಂತ ಆದೇಶ ಹೊರಡಿಸಿದ. ಪ್ರಚಾರದ ಗಿಮಿಕ್ಕು, ಸರಿ. ಆದರೂ ಒಂದು ಹಳ್ಳಿ ತನ್ನ ಹೊಲದ ಮೇಲೆ ಏನು ಇಳಿಯಬಹುದು, ಏನು ಇಳಿಯಬಾರದು ಅಂತ ತಾನೇ ಹೇಳಿತಲ್ಲ, ಅದು ನಮ್ಮನ್ನು ಯೋಚನೆಗೆ ಹಚ್ಚಿತು.

ಯಾಕೆಂದರೆ ನಮ್ಮ ಹೊಲದ ಮೇಲೆ ದಿನಾ ಇಳಿಯುತ್ತಿರುವುದು ಕರಿ ಧೂಳು. ಗಿಣಿಗೇರಿ, ಹಿರೇಬಗನಾಳ ಸುತ್ತ ಕಬ್ಬಿಣದ ಕಾರ್ಖಾನೆಗಳು ಬಂದು ವರ್ಷಗಳಾದವು. ಎಲೆ ಮುಟ್ಟಿದರೆ ಬೆರಳು ಕಪ್ಪಾಗುತ್ತದೆ ಅಂತ ಅಲ್ಲಿನ ರೈತರು ಹೇಳುತ್ತಲೇ ಇದ್ದಾರೆ. 2025ರ ಫೆಬ್ರುವರಿ 24ರಂದು ಹೊಸ ಉಕ್ಕಿನ ಕಾರ್ಖಾನೆ ಬೇಡ ಅಂತ ಕೊಪ್ಪಳ ಬಂದ್ ಆಯಿತು, ಗವಿಮಠದ ಸ್ವಾಮೀಜಿಯೂ ಬೀದಿಗೆ ಬಂದರು. ಕಾರ್ಖಾನೆಯಿಂದ ನಮ್ಮ ಹುಡುಗರಿಗೆ ಕೆಲಸ ಸಿಕ್ಕಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನೆಲದ ಬೆಲೆ ಕಟ್ಟುವಾಗ ನಾವು ಸೋಲುವುದು ಎಲ್ಲಿ ಅಂತ ನೋಡಿ. ಕಾಗದದಲ್ಲಿ ನಮ್ಮ ಹೊಲ ಒಂದು ಸರ್ವೆ ನಂಬರ್, ಇಷ್ಟು ಎಕರೆ, ಇಷ್ಟು ಗುಂಟೆ, ಖುಷ್ಕಿಯೋ ತರಿಯೋ. ಬೇರೆ ಕಡೆ ಇಷ್ಟೇ ಎಕರೆ ಕೊಂಡರೆ ಲೆಕ್ಕ ಚುಕ್ತಾ. ಪೋಪನ ಹೊಸಕೋಟೆಯಲ್ಲಿ ಹಾಗೆ ಹೇಳಲು ಬರುವುದಿಲ್ಲ. ಆ ಕಲ್ಲುನೆಲ ಬೇರೆ ಕಡೆ ಸಿಗುವುದಿಲ್ಲ ಅಂತ ಕಾನೂನೇ ಒಪ್ಪಿದೆ. ಹೆಕ್ಟೇರಿಗೆ ಕೋಟಿಗಳಲ್ಲಿ ಬೆಲೆ ಇರುವ ದ್ರಾಕ್ಷಿತೋಟದ ನಡುವೆ ಚಿಮಣಿ ಎಬ್ಬಿಸಲು ಯಾರೂ ಸುಲಭಕ್ಕೆ ಬರಲಾರರು.

ವೈನ್ ಮಾಡಿ ಅಂತ ನಾವು ಹೇಳುತ್ತಿಲ್ಲ, ತಾಯಂದಿರು ಸಿಟ್ಟಾಗಬಾರದು. 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದ ಸಾವಿರಾರು ಹೆಣ್ಣುಮಕ್ಕಳ ಕಾಲಿನ ಬೊಬ್ಬೆ ನಮಗೆ ನೆನಪಿದೆ. ನಾವು ಕಲಿಯಬೇಕಾದದ್ದು ಹೆಸರಿನ ವಿಷಯ.

ನಮ್ಮಲ್ಲಿಯೂ ಕಾನೂನು ಇದೆ. ಭೌಗೋಳಿಕ ಸೂಚ್ಯಂಕ, ಅಂದರೆ ಜಿಐ ಟ್ಯಾಗ್, 2003ರಿಂದ ಜಾರಿಯಲ್ಲಿದೆ. ಉಡುಪಿ ಹತ್ತಿರದ ಮಟ್ಟು ಎಂಬ ಸಣ್ಣ ಊರಿನ ಬದನೆಕಾಯಿಗೆ ‘ಮಟ್ಟು ಗುಳ್ಳ’ ಅಂತ ಸಿಕ್ಕಿದೆ. ಹೊಳೆಯಾಚೆ ಹಡಗಲಿ ಮಲ್ಲಿಗೆಗೆ ಸಿಕ್ಕಿದೆ. ನಮ್ಮದೇ ತಾಲ್ಲೂಕಿನ ಕಿನ್ನಾಳದ ಗೊಂಬೆಗೂ ಸಿಕ್ಕಿದೆ. ಕಿನ್ನಾಳ ಇನ್ನೊಂದು ಪಾಠವನ್ನೂ ಹೇಳುತ್ತದೆ. ಟ್ಯಾಗ್ ಬಂದ ಮಾತ್ರಕ್ಕೆ ಚಿತ್ರಗಾರರ ಮನೆಗೆ ಅನ್ನ ಬಂದುಬಿಡಲಿಲ್ಲ, ಕಸುಬು ಮುಂದುವರಿಸಿದ ಮನೆಗಳು ಇವತ್ತು ಕೆಲವೇ ಕೆಲವು. ಸರ್ಟಿಫಿಕೇಟ್ ಗೋಡೆಗೆ ತೂಗುಹಾಕಿದರೆ ಆಗಲಿಲ್ಲ. ಹಿಂದೆ ಒಗ್ಗಟ್ಟಿನ ಸಂಘ ಇರಬೇಕು, ಕೊಳ್ಳುವವರು ಇರಬೇಕು, ನಕಲಿ ಬಂದಾಗ ಕೇಳುವವರು ಇರಬೇಕು.

ನಮ್ಮ ಅಕ್ಕಿಯ ಪಾಡು ಇನ್ನೂ ಕಷ್ಟ. ಸೋನಾ ಮಸೂರಿ ಅನ್ನುವುದು ಊರಿನ ಹೆಸರಲ್ಲ, ತಳಿಯ ಹೆಸರು. ಆಂಧ್ರ, ತೆಲಂಗಾಣದಲ್ಲೂ ಅದನ್ನೇ ಬೆಳೆಯುತ್ತಾರೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ‘ಗಂಗಾವತಿ ಸೋನಾ’ ಎಂಬ ತಳಿಯನ್ನು ಕೊಟ್ಟಿದೆ, ಹೆಸರಿನಲ್ಲಾದರೂ ಊರು ಬಂತು. ಆದರೆ ಒಳ್ಳೆಯ ಹೆಸರು ಬೇಕಾದರೆ ನಾವೂ ಕೈ ಕಟ್ಟಿಕೊಳ್ಳಬೇಕಾಗುತ್ತದೆ. ಎಕರೆಗೆ ಇನ್ನೊಂದು ಚೀಲ ಹೆಚ್ಚು ಬರಲಿ ಅಂತ ಸುರಿದ ಗೊಬ್ಬರ, ಹೊಡೆದ ಔಷಧಿ, ಬಿಟ್ಟ ನೀರು ಕಡಿಮೆಯೇನಲ್ಲ. ತುಂಗಭದ್ರಾ ನೀರಾವರಿಯಲ್ಲಿ ಸವಳು ಜವಳಾದ ಭೂಮಿ ಎಷ್ಟಿದೆ ಅಂತ ಕಾಲುವೆಯ ಕೆಳಭಾಗದ ರೈತರನ್ನು ಕೇಳಿ. ಇದಕ್ಕೆ ಮನಸ್ಸಿಲ್ಲದಿದ್ದರೆ ಜಿಐ ಅರ್ಜಿ ಹಾಕುವುದೇ ಬೇಡ ಅನ್ನುವುದು ನಮ್ಮ ಅಭಿಪ್ರಾಯ. ಅಕ್ಕಿಗಿಂತ ಮೊದಲು ಹಳೆ ಕಾಲುವೆಗಳ ಕೆಳಗಿನ ಬಾಳೆಯ ಬಗ್ಗೆ, ಆನೆಗೊಂದಿಯ ಬಾಳೆನಾರಿನ ಕೈಕೆಲಸದ ಬಗ್ಗೆ ಯೋಚಿಸುವುದು ಸುಲಭ ಅಂತಲೂ ಅನ್ನಿಸುತ್ತದೆ.

ಪರಂಪರೆ ಅಂದಕೂಡಲೇ ನಮ್ಮ ಮಂದಿ ಹೆದರುತ್ತಾರೆ, ಅದಕ್ಕೂ ಕಾರಣವಿದೆ. 2020ರಲ್ಲಿ ವಿರೂಪಾಪುರಗಡ್ಡೆಯಲ್ಲಿ ರೆಸಾರ್ಟ್‌ಗಳನ್ನು ಕೆಡವಿದ್ದನ್ನು ಎಲ್ಲರೂ ನೋಡಿದ್ದಾರೆ. ‘ಪರಂಪರೆ ಅಂದರೆ ಮನೆ ಕಟ್ಟಲು ಪರವಾನಗಿ ಸಿಗುವುದಿಲ್ಲ’ ಅನ್ನುವುದು ಆನೆಗೊಂದಿ ಕಡೆಯ ಮಾತು. ಫ್ರಾನ್ಸಿನ ಆ ಊರಿನಲ್ಲಿ ಕಟ್ಟಳೆಯನ್ನು ಮೊದಲು ಬೆಳೆಗಾರರು ಬರೆದರು, ಸರ್ಕಾರ ಆಮೇಲೆ ಒಪ್ಪಿತು. ನಮ್ಮಲ್ಲಿ ಕಚೇರಿ ಬರೆದದ್ದನ್ನು ಊರು ಆಮೇಲೆ ನೋಟಿಸ್ ಬಂದಾಗ ಓದುತ್ತದೆ. ಅದು ಬದಲಾಗದೆ ಯಾವ ಪಟ್ಟಿಗೆ ಸೇರಿದರೂ ರೈತರಿಗೆ ಲಾಭವಿಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಹೊಲದ ಹೆಸರಿನಿಂದ ಅಂತ ನಮಗೆ ತೋರುತ್ತದೆ. ಫ್ರಾನ್ಸಿನ ಬರ್ಗಂಡಿ ಎಂಬ ಇನ್ನೊಂದು ಭಾಗದಲ್ಲಿ 1,247 ಹೊಲತುಂಡುಗಳಿಗೆ ಒಂದೊಂದಕ್ಕೂ ಹೆಸರಿದೆ. 2015ರಲ್ಲಿ ಆ ಹೊಲಗಳೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹುಣಸಿಗಿಡದ ಹೊಲ, ಕೆರಿಹಿಂದಿನ ಹೊಲ, ಗುಡಿ ಮಾನ್ಯ, ಬಂಡಿ ದಾರಿ ಪಟ್ಟಿ ಅಂತ ನಮ್ಮ ಹಿರಿಯರೂ ಹೆಸರಿಟ್ಟಿದ್ದರು. ಪಹಣಿಯಲ್ಲಿ ಅವು ಇಲ್ಲ, ನಮ್ಮ ವಯಸ್ಸಿನವರ ಬಾಯಲ್ಲೂ ಇಲ್ಲ.

ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು ಅಂತ 2002ರ ಕಾಯ್ದೆ ಹೇಳುತ್ತದೆ. ಮುಂದಿನ ಗ್ರಾಮಸಭೆಗೆ ಹೋದಾಗ ಆ ಪುಸ್ತಕ ತೋರಿಸಿ ಅಂತ ಕೇಳಿ. ಅದರಲ್ಲಿ ಹೊಲದ ಹೆಸರು, ಮಣ್ಣಿನ ಜಾತಿ, ಹಳೆ ತಳಿ, ಯಾವ ತೂಬಿನ ನೀರು ಯಾವ ಗದ್ದೆಗೆ ಅನ್ನುವುದೆಲ್ಲ ಬರೆಯಿಸಿ. ಕಾರ್ಖಾನೆಗೆ ಅಹವಾಲು ಸಭೆ ಕರೆದ ದಿನ ಕೈಯಲ್ಲಿ ಹಿಡಿದು ಹೋಗಲು ಒಂದು ಕಾಗದ ಇರುತ್ತದೆ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜ, ಅಜ್ಜಿ ಇದ್ದರೆ ಸಭೆಯವರೆಗೂ ಕಾಯಬೇಡಿ. ಇವತ್ತು ರಾತ್ರಿ ಊಟ ಆದಮೇಲೆ ಫೋನಿನ ರೆಕಾರ್ಡರ್ ಒತ್ತಿ, ಒಂದೊಂದೇ ಹೊಲದ ಹೆಸರು ಕೇಳಿ.