ಐದು ಪಾಲಿಕೆ, ಒಂದು ಪ್ರಾಧಿಕಾರ: ನಮ್ಮ ಕುರ್ಚಿ ಎಲ್ಲಿ?



ಮಲ್ಲೇಶ್ವರ, ಬಸವನಗುಡಿಯ ಹಳೇ ಬೀದಿಗಳಲ್ಲಿ ಕಸ ಗುಡಿಸುವ ನಮ್ಮವರಿಗೆ ಎರಡು ಸಾಲು ಮನೆಗಳ ಹಿತ್ತಿಲ ನಡುವಿನ ಕಿರುಓಣಿ ಚೆನ್ನಾಗಿ ಗೊತ್ತು. ಅದನ್ನ ಕನ್ಸರ್ವೆನ್ಸಿ ಓಣಿ ಅಂತಾರೆ. 1898ರಲ್ಲಿ ಪ್ಲೇಗು ಬಂದು ಪೇಟೆಯ ಜನ ಸತ್ತ ಮೇಲೆ ಗಾಳಿ ಬೆಳಕಿನ ಈ ಬಡಾವಣೆಗಳು ಎದ್ದವು. ನಿವೇಶನ ಜಾತಿ ನೋಡಿ ಹಂಚಿದರು. ಮುಂದಿನ ರಸ್ತೆ ಮನೆಯವರಿಗೆ, ಹಿಂದಿನ ಓಣಿ ಮಲ ಹೊರುವವರಿಗೆ. ನಗರ ಯೋಜನೆಯಲ್ಲಿ ನಮಗೆ ಜಾಗವೇ ಕೊಡಲಿಲ್ಲ ಅನ್ನೋದು ಸುಳ್ಳು. ಕೊಟ್ಟಿದ್ದರು, ಹಿತ್ತಿಲಲ್ಲಿ.

ಆ ಹೊರೆ ಇಳಿಸಿದ್ದು ಯಾವ ಯೋಜನಾ ತಜ್ಞನೂ ಅಲ್ಲ. 1970ರ ದಶಕದಲ್ಲಿ ಪೌರಾಡಳಿತ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಅಧಿಕಾರದ ಕುರ್ಚಿಯಲ್ಲಿ ನಮ್ಮವರೊಬ್ಬರು ಕೂತಿದ್ದರಿಂದ ಅದು ಆಯಿತು. ಈ ಮಾತು ನೆನಪಿರಲಿ.

2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಚಾಮರಾಜಪೇಟೆ ಕೇಂದ್ರ ಪಾಲಿಕೆಗೆ ಹೋಯಿತು. ಪಕ್ಕದ ಬಸವನಗುಡಿ, ಆಚೆಯ ಮಲ್ಲೇಶ್ವರ ಪಶ್ಚಿಮ ಪಾಲಿಕೆಗೆ ಹೋದವು. ಐದರ ಮೇಲೂ ಒಂದು ಪ್ರಾಧಿಕಾರ. ಅದಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಎಲ್ಲವನ್ನೂ ಕೂಡಿಸಿ ಯೋಜನೆ ಮಾಡುವ ಕೆಲಸ ಅದರದು.

ಕೂಡಿ ಯೋಜನೆ ಮಾಡೋದನ್ನ ನಾವು ಬೇಡ ಅನ್ನುವುದಿಲ್ಲ. ಮೋರಿ ನೀರು ಪಾಲಿಕೆಯ ಗಡಿ ನೋಡಿ ಹರಿಯೋಲ್ಲ. ಬಸವನಗುಡಿಯ ಬಸವಣ್ಣನ ಪಾದದಲ್ಲಿ ಹುಟ್ಟಿತು ಅಂತ ಹೇಳುವ ವೃಷಭಾವತಿ, ಊರಿನ ಹೊಲಸೆಲ್ಲ ಹೊತ್ತು ಬಿಡದಿ ಕಡೆಯ ಬೈರಮಂಗಲ ಕೆರೆಗೆ ಹೋಗುತ್ತೆ. ಹುಟ್ಟಿದಲ್ಲಿ ಪೂಜೆ, ಮುಟ್ಟಿದಲ್ಲಿ ನಾತ.

ಕಸದ ಕತೆಯೂ ಇದೇ. ವರ್ಷಗಟ್ಟಲೆ ಬೆಂಗಳೂರಿನ ಕಸ ಮಾವಳ್ಳಿಪುರಕ್ಕೆ, ಮಂಡೂರಿಗೆ ಹೋಯಿತು. 2012ರಲ್ಲಿ ಮಾವಳ್ಳಿಪುರದಲ್ಲಿ ಕಸ ಸುರಿಯೋದು ನಿಂತಾಗ ನಗರದ ಬೀದಿಗಳಲ್ಲೇ ಕೊಳೆಯಿತು. 2014ರಲ್ಲಿ ಮಂಡೂರಿನ ಜನ ಎದ್ದು ನಿಂತರು, ಆ ವರ್ಷದ ಕೊನೆಗೆ ಅಲ್ಲಿಗೂ ಲಾರಿ ನಿಂತಿತು. ನಿಂತ ಲಾರಿ ಬೇರೆ ಹಳ್ಳಿಯ ಕಲ್ಲುಕ್ವಾರಿ ಕಡೆ ತಿರುಗಿತು, ಅಷ್ಟೆ. ಇದಕ್ಕೆ ಸಹಕಾರ ಅಂತ ಹೆಸರಿಡಬಹುದೇ? ಕಸ ಹಾಕುವವನು, ಕಸ ಹೊರುವವನು, ಕಸ ಬೀಳುವ ಊರಿನವನು, ಈ ಮೂವರೂ ಒಂದೇ ಮೇಜಿಗೆ ಕೂತರೆ ಮಾತ್ರ ಅದು ಕೂಡಿ ಮಾಡಿದ ಯೋಜನೆ.

ಬಾಬಾಸಾಹೇಬರ ಸಂವಿಧಾನಕ್ಕೆ 1993ರಲ್ಲಿ ಜಾರಿಯಾದ 74ನೇ ತಿದ್ದುಪಡಿ ಇದನ್ನೇ ಹೇಳುತ್ತೆ. ಮಹಾನಗರ ಯೋಜನಾ ಸಮಿತಿಯಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಿಲ್ಲದಂತೆ ನಗರಸಭೆಗಳ ಸದಸ್ಯರು, ಪಂಚಾಯ್ತಿ ಅಧ್ಯಕ್ಷರು ತಮ್ಮೊಳಗಿಂದ ಆರಿಸಿದವರೇ ಇರಬೇಕು. ಪಾಲಿಕೆಗಳಲ್ಲಿ ಪರಿಶಿಷ್ಟರಿಗೆ ಜನಸಂಖ್ಯೆಗೆ ತಕ್ಕ ಮೀಸಲು ಸ್ಥಾನ ಕೊಟ್ಟದ್ದೂ ಇದೇ ತಿದ್ದುಪಡಿ. ಆದರೆ ಬೆಂಗಳೂರಿನ ಕಾರ್ಪೊರೇಟರುಗಳ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ ಬಿಬಿಎಂಪಿ ಹೋಗುವ ತನಕ ಐದು ವರ್ಷ ಅಧಿಕಾರಿಗಳೇ ಆಳಿದರು. ಚುನಾವಣೆ ಇಲ್ಲ ಅಂದರೆ ಮೀಸಲು ಕ್ಷೇತ್ರವೂ ಇಲ್ಲ. ಉಳ್ಳವನಿಗೆ ಕಾರ್ಪೊರೇಟರ್ ಇಲ್ಲದಿದ್ದರೆ ಫೋನ್ ಮಾಡೋಕೆ ಅಧಿಕಾರಿ ಇದ್ದಾನೆ. ನಮಗೆ ಯಾರಿದ್ದಾರೆ?

ಕಾರ್ಪೊರೇಟರುಗಳು ನಮಗೇನು ಕಿಸಿದರು, ಅವರೂ ಕಂಟ್ರಾಕ್ಟರುಗಳ ಜೇಬಿನಲ್ಲೇ ಇದ್ದರಲ್ಲ ಅಂತ ನಮ್ಮೋರೇ ಕೇಳ್ತಾರೆ. ಮಾತು ಸುಳ್ಳಲ್ಲ. ಆದರೆ ಅವನನ್ನ ಓಟಿನಿಂದ ಮನೆಗೆ ಕಳಿಸಬಹುದು. ಅಧಿಕಾರಿಯನ್ನ ಕಳಿಸೋಕೆ ನಮ್ಮ ಕೈಲಿ ಏನಿದೆ?

ಆದ್ದರಿಂದ ನಾವು ಕೇಳುವುದು ಇಷ್ಟು. ಪಾಲಿಕೆ ಚುನಾವಣೆಯನ್ನು ಮತ್ತೆಂದೂ ಒಂದು ದಿನವೂ ಮುಂದೂಡಬಾರದು. ಆಯಾ ಪಾಲಿಕೆಯ ಕಸ ಆಯಾ ಪಾಲಿಕೆಯಲ್ಲೇ ಗೊಬ್ಬರವಾಗಬೇಕು. ಯೋಜನೆ ಮಾಡುವ ಸಭೆಯಲ್ಲಿ ಪೌರಕಾರ್ಮಿಕರಿಗೂ ಕಸ ಬೀಳುವ ಪಂಚಾಯ್ತಿಗಳಿಗೂ ಕುರ್ಚಿ ಇರಬೇಕು. ಬಸವನಗುಡಿ ಗುಡಿಸುವವಳಿಗೆ ಊರಾಚೆ ಅಲ್ಲ, ಬಸವನಗುಡಿಯ ಹತ್ತಿರವೇ ಮನೆ ಕೊಡಬೇಕು.

ಹಿತ್ತಿಲ ಓಣಿಯಲ್ಲಿ ಓಡಾಡಿದ್ದು ಸಾಕು. ವಾರ್ಡಿನ ಸಭೆಗೆ ಹೋಗಿ, ನಕ್ಷೆ ತೋರಿಸಿ ಅಂತ ಕೇಳಿ. ಒಬ್ಬರೇ ಹೋಗಬೇಡಿ, ಕೇರಿಯವರೆಲ್ಲ ಹೋಗಿ.

ಜೈ ಭೀಮ್.