ವಯಸ್ಸು ಕೇಳದ ವ್ಯಾಪಾರ

ಶಾಲೆ ಬಿಡುವ ಹೊತ್ತಿಗೆ ಗೂಡಂಗಡಿಯ ಮುಂದೆ ನಿಂತು ನೋಡಿ. ಸಮವಸ್ತ್ರದ ಹುಡುಗ ಹತ್ತರ ನೋಟು ಚಾಚುತ್ತಾನೆ. ತೋರಣದಂತೆ ಇಳಿಬಿಟ್ಟ ಸರಗಳಿಂದ ಎರಡು ಪೊಟ್ಟಣ ಕಿತ್ತು ಕೊಡುತ್ತಾರೆ: ಒಂದು ಪಾನ್ ಮಸಾಲ, ಇನ್ನೊಂದು ತಂಬಾಕು. ರಾಜ್ಯ ಗುಟ್ಕಾ ನಿಷೇಧಿಸಿದ್ದು 2013ರಲ್ಲಿ. ಕಂಪನಿಗಳು ಅದನ್ನೇ ಎರಡಾಗಿ ಒಡೆದು ಮಾರಿದವು. ಹುಡುಗ ಎರಡನ್ನೂ ಅಂಗೈಯಲ್ಲಿ ಬೆರೆಸಿ ಬಾಯಿಗೆ ಸುರಿದುಕೊಳ್ಳುತ್ತಾನೆ. ‘ವಯಸ್ಸೆಷ್ಟೋ ನಿಂಗೆ?’ ಎಂದು ಕೇಳುವವರೇ ಇಲ್ಲ.

ಕೇಳಲೇಬೇಕೆಂದು ಕಾನೂನು ಹೇಳಿ ಎರಡು ದಶಕ ದಾಟಿತು. 2003ರ ತಂಬಾಕು ನಿಯಂತ್ರಣ ಕಾಯ್ದೆಯ (ಕೋಟ್ಪಾ) ಪ್ರಕಾರ 18 ತುಂಬದವರಿಗೆ ತಂಬಾಕು ಮಾರುವಂತಿಲ್ಲ, ಶಾಲೆಯ 100 ಗಜದೊಳಗೆ ಯಾರಿಗೂ ಮಾರುವಂತಿಲ್ಲ. ಕೊಳ್ಳುವವನಿಗೆ 18 ತುಂಬಿದೆ ಎಂದು ರುಜುವಾತು ಮಾಡುವ ಹೊಣೆಯೂ ಮಾರುವವನದೇ. 2025ರಲ್ಲಿ ಕರ್ನಾಟಕ ಈ ವಯಸ್ಸನ್ನು 21ಕ್ಕೇರಿಸಿತು, ಬಿಡಿ ಸಿಗರೇಟನ್ನೂ ನಿಷೇಧಿಸಿತು. ಆದರೂ ಬಿಡಿ ಸಿಗರೇಟು ಸಿಗುತ್ತಲೇ ಇದೆ, ಪಕ್ಕದಲ್ಲೇ ದಾರಕ್ಕೆ ಕಟ್ಟಿದ ಲೈಟರೂ ತೂಗುತ್ತಿದೆ. ಇಡೀ ಪ್ಯಾಕು ಕೊಳ್ಳಲಾಗದ ಮಗುವಿಗೆ ಚಟ ಹತ್ತಿಸುವುದೇ ಈ ಬಿಡಿ ಮಾರಾಟ.

2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯಲ್ಲಿ, 13ರಿಂದ 15 ವರ್ಷದ ನಮ್ಮ ದೇಶದ ಶಾಲಾ ಮಕ್ಕಳಲ್ಲಿ ಶೇ 8.5ರಷ್ಟು ಮಂದಿ ತಂಬಾಕು ಬಳಸುತ್ತಿದ್ದರು. ಇದು ಮಕ್ಕಳ ಕೆಟ್ಟತನವಲ್ಲ, ದೊಡ್ಡವರ ಅಪರಾಧ. 2003ರ ಕಾಯ್ದೆ ಈ ಅಪರಾಧಕ್ಕೆ ಕಟ್ಟಿದ್ದ ಬೆಲೆ ಹೆಚ್ಚೆಂದರೆ 200 ರೂಪಾಯಿ ದಂಡ! 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ನಿನಲ್ಲಿ ಏಳು ವರ್ಷದವರೆಗೆ ಕಠಿಣ ಸಜೆಯಿದೆ. ಅದನ್ನು ಅಂಗಡಿಯವರಿಗೆ ಓದಿ ಹೇಳಿದ ಅಧಿಕಾರಿ ಎಲ್ಲಿದ್ದಾರೆ?

ಗೂಡಂಗಡಿಯವರ ಬಡತನ ನನಗೂ ಗೊತ್ತು. ಆದರೆ ಒಬ್ಬರ ಹೊಟ್ಟೆಪಾಡಿಗೆ ಇನ್ನೊಬ್ಬರ ಮಗು ಬಲಿಯಾಗಬೇಕಿಲ್ಲ. ‘ಹೋಗೋ, ಒಂದ್ ಕಟ್ಟು ಬೀಡಿ ತಗೊಂಡ್ ಬಾ’ ಎಂದು ಮಗನನ್ನು ಅಟ್ಟುವ ಅಪ್ಪಂದಿರೂ ಈ ಪಾಪದಲ್ಲಿ ಪಾಲುದಾರರು. ‘ಅಪ್ಪನಿಗೆ’ ಎಂದರೆ ಸಾಕು, ಯಾವ ಅಂಗಡಿಯಲ್ಲೂ ಕೊಡುತ್ತಾರೆಂದು ಮಗು ಕಲಿಯುವುದು ಅಲ್ಲೇ.

ಮೇ 31ರ ತಂಬಾಕುರಹಿತ ದಿನಕ್ಕೆ ಜಾಥಾ ಮಾಡಿ ಫೋಟೊ ತೆಗೆಸಿಕೊಂಡದ್ದು ಸಾಕು. ಶಾಲೆಯೆದುರಿನ ಸರಗಳನ್ನು ಇಂದೇ ಇಳಿಸಿ. ಪರವಾನಗಿ ಇಲ್ಲದೆ ಯಾರೂ ತಂಬಾಕು ಮಾರದಂತೆ ಮಾಡಿ, ವಯಸ್ಸು ಕೇಳದೆ ಮಾರಿದವರ ಪರವಾನಗಿ ಕಿತ್ತುಕೊಳ್ಳಿ. ಅಂಗಡಿಯವನಿಗೆ ದಂಡ ಹಾಕಿ ಕೈತೊಳೆದುಕೊಳ್ಳಬೇಡಿ; ಶಾಲೆಯ ಬಾಗಿಲಿಗೇ ಸರಕು ತಂದಿಳಿಸುವ ವಿತರಕನನ್ನೂ, ಅವನ ಹಿಂದಿರುವ ಕಂಪನಿಯನ್ನೂ ಕಟಕಟೆಗೆ ಎಳೆಯಿರಿ.