ಜರ್ಮನಿಯ ಹೆಸರೇ ಪುರಾವೆಯೇ?

ಪುರಾವೆ ಕೇಳುವುದೆಲ್ಲ ಔಷಧ ಕಂಪನಿಗಳ ಆಟ, ವೈದ್ಯರ ಅನುಭವವೇ ಸಾಕು, ಜರ್ಮನಿಯ ವಿಮೆಯೇ ಹೋಮಿಯೋಪಥಿಗೆ ದುಡ್ಡು ಕೊಡುತ್ತದಲ್ಲ ಎಂದು ಕಳೆದ ಸಂಚಿಕೆಯ ಲೇಖಕರು ವಾದಿಸಿದ್ದಾರೆ. ಅಲ್ಲಿನ ಅನೇಕ ವಿಮಾ ನಿಧಿಗಳು ಕೊಟ್ಟಿರುವುದು ನಿಜ. ಆದರೆ ಐಚ್ಛಿಕ ಸೌಲಭ್ಯವಾಗಿ, ಸದಸ್ಯರನ್ನು ಸೆಳೆಯಲು. ಅದು ವ್ಯಾಪಾರದ ಲೆಕ್ಕ. 2024ರ ಜನವರಿಯಲ್ಲಿ ಆಗಿನ ಆರೋಗ್ಯ ಸಚಿವ ಕಾರ್ಲ್ ಲಾವ್ಟರ್‌ಬಾಖ್ ಇದನ್ನು ನಿಲ್ಲಿಸುವುದಾಗಿ ಹೇಳಿದ್ದನ್ನು ಲೇಖಕರು ಏಕೆ ಬಿಟ್ಟರು?

ಜರ್ಮನಿಯನ್ನೇ ಸಾಕ್ಷಿಗೆ ಕರೆದಿರಿ, ಸರಿ, ನ್ಯೂರೆಂಬರ್ಗ್‌ಗೆ ಹೋಗೋಣ. 1835ರಲ್ಲಿ, ಹೋಮಿಯೋಪಥಿಯ ಸ್ಥಾಪಕ ಹಾನೆಮಾನ್ ಬದುಕಿದ್ದಾಗಲೇ, ಅಲ್ಲಿನ ನಾಗರಿಕರು ನೂರು ಸೀಸೆಗಳನ್ನು ಅದಲುಬದಲಿಸಿ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಬರೀ ಹಿಮದ ನೀರು, ಇನ್ನೊಂದಕ್ಕೆ ಹೋಮಿಯೋಪಥಿ ರೀತಿಯಲ್ಲಿ ಕರಗಿಸಿದ ಉಪ್ಪು. ಯಾವುದರಲ್ಲಿ ಏನಿದೆಯೆಂಬ ಪಟ್ಟಿಗೆ ಮುದ್ರೆ ಬಿತ್ತು. ಕುಡಿದವರಿಗೂ ಹಂಚಿದವರಿಗೂ ಗೊತ್ತಿರಲಿಲ್ಲ. ವರದಿ ಕೊಟ್ಟ 50 ಮಂದಿಯಲ್ಲಿ 42 ಮಂದಿಗೆ ಏನೂ ಆಗಲಿಲ್ಲ. ಏನೋ ಆಯಿತೆಂದ ಎಂಟು ಮಂದಿಯಲ್ಲಿ ಮೂವರು ಕುಡಿದದ್ದು ಬರೀ ನೀರು! ಇದರಲ್ಲಿ ಯಾವ ಕಂಪನಿಯ ಕೈವಾಡವಿತ್ತು?

ಕಂಪನಿಗಳ ಬಗ್ಗೆ ಲೇಖಕರ ಅನುಮಾನ ಮಾತ್ರ ಸುಳ್ಳಲ್ಲ. ಖಿನ್ನತೆಯ ಮಾತ್ರೆ ರೆಬಾಕ್ಸೆಟೀನ್‌ನ ಪ್ರಯೋಗಗಳಲ್ಲಿ ಶೇ 74ರಷ್ಟು ರೋಗಿಗಳ ಮಾಹಿತಿ ಪ್ರಕಟವೇ ಆಗಿರಲಿಲ್ಲ. ಎಲ್ಲವನ್ನೂ ಸೇರಿಸಿ ನೋಡಿದರೆ ಅದು ಹುಸಿಮಾತ್ರೆಗಿಂತ ಮೇಲಲ್ಲ. 2010ರಲ್ಲಿ ಇದನ್ನು ಬಯಲಿಗೆಳೆದವರು ಯಾರು? ಫೈಜರ್ ಕಂಪನಿಯಿಂದ ಪಟ್ಟುಹಿಡಿದು ದಾಖಲೆ ಕೇಳಿದ, ಕಲೋನ್‌ನ ಐಕ್ಯೂವಿಗ್ ಸಂಸ್ಥೆಯ ಪುರಾವೆ ಪರಿಶೀಲಕರೇ. ಅಷ್ಟರಲ್ಲಿ ಆ ಮಾತ್ರೆಯನ್ನು ಅನುಭವಿ ವೈದ್ಯರು ವರ್ಷಗಟ್ಟಲೆ ಬರೆದುಕೊಟ್ಟಾಗಿತ್ತು.